ತೋಳದ ಇಲಾಖೆಯವರು

ಮಧುಗಿರಿಯಲ್ಲಿ ಯಾರಾದರೂ ಬುಲೆಟ್ ಸ್ಟಾರ್ಟ್ ಮಾಡಿದರೆ ಎರಡು ಸಲ ಕೇಳಿಸುತ್ತದೆ. ಒಮ್ಮೆ ಬೀದಿಯಿಂದ, ಇನ್ನೊಮ್ಮೆ ಬೆಟ್ಟದಿಂದ. ಊರಿನ ನೆತ್ತಿಯ ಮೇಲೆ ಕೂತಿರುವ ಆ ಏಕಶಿಲೆ ಯಾರ ಸದ್ದನ್ನೂ ಇಟ್ಟುಕೊಳ್ಳುವ ಪೈಕಿ ಅಲ್ಲ, ಬಂದದ್ದನ್ನು ಬಂದ ಹಾಗೇ ವಾಪಸು ಕಳಿಸುತ್ತದೆ. ಭಾನುವಾರ ಬೆಳಗಿನ ಜಾವ ಐದೂವರೆಗೆ ನಮ್ಮ ಗೇಟಿನ ಮುಂದೆ ಹೀಗೆ ಎರಡು ಸಲ ಡುಗುಡುಗು ಆಗಿ, ಆಮೇಲೆ "ಭಾವಾ..." ಅಂತ ಕೇಳಿಸಿದರೆ ಅದು ನನ್ನ ಭಾಮೈದ. ಕೇಳಿಸದವನ ಹಾಗೆ ಮಲಗಿರುವುದು ನನ್ನ ಅಭ್ಯಾಸ. "ಎದ್ದಿದ್ದಾರೆ ಕಣೋ, ಬಾ" ಅನ್ನುವುದು ನನ್ನ ಹೆಂಡತಿಯ ಅಭ್ಯಾಸ.

ಇಂಥವರು ಈಗ ತಾಲ್ಲೂಕಿಗೆ ಹತ್ತಾರು ಜನ ಸಿಗುತ್ತಾರೆ. ವಯಸ್ಸು ನಲವತ್ತರ ಆಚೀಚೆ. ಗಡ್ಡ ಕಪ್ಪಗೆ, ಅದರ ಬುಡ ಬೆಳ್ಳಗೆ. ಕೈಗವಸಿಗೆ ಬೆರಳಿರುವುದಿಲ್ಲ. ಮಾತಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಲಡಾಖ್ ಬರುತ್ತದೆ. ಗಾಡಿ ಮಾತ್ರ ಗೊರವನಹಳ್ಳಿ ಲಕ್ಷ್ಮಿಯ ಗುಡಿ ದಾಟಿರುವುದಿಲ್ಲ. ಮಿಕ್ಕವರು ಸಿನಿಮಾ ನೋಡಿಯೋ, ಸಾಲ ಸಿಕ್ಕಿತೆಂದೋ ಬುಲೆಟ್ ಕೊಂಡಿರಬಹುದು. ನನ್ನ ಭಾಮೈದ ಕೊಂಡದ್ದು ಹೊಟ್ಟೆಕಿಚ್ಚಿಗೆ. ಅದೂ ಭೂಮಿಯ ಮೇಲೆ ಇಲ್ಲದ ಒಬ್ಬ ಗಂಡಸಿನ ಮೇಲಿನ ಹೊಟ್ಟೆಕಿಚ್ಚಿಗೆ.

ಅವನದು ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ. ನಮ್ಮ ಸೀಮೆಯಲ್ಲಿ ನೀರು ಕೆಳಗಿಳಿದಷ್ಟೂ ಅವನ ವ್ಯಾಪಾರ ಮೇಲೇರುತ್ತದೆ. ಬೇಸಿಗೆಯಲ್ಲಿ ಮನೆ ಸೇರುವಾಗ ರಾತ್ರಿ ಹನ್ನೊಂದು. ಹಾಗೊಂದು ರಾತ್ರಿ ಬಂದಾಗ ಅವನ ಹೆಂಡತಿ ಮೊಬೈಲಿನಿಂದ ಕಣ್ಣೆತ್ತದೆ "ಮುದ್ದೆ ಡಬ್ಬೀಲಿದೆ" ಅಂದಳಂತೆ. ಯಾರ ಮೆಸೇಜು ಅಂತ ಹಿಂದಿನಿಂದ ಇಣುಕಿದ್ದಾನೆ. ಮೆಸೇಜಲ್ಲ, ಕಾದಂಬರಿ. ಅದರಲ್ಲೊಬ್ಬ ಇದ್ದ. ಆರಡಿ ಎತ್ತರ, ತೋಳಿನ ತುಂಬ ಹಚ್ಚೆ, ಬೈಕುಗಳ ದಂಡಿಗೆ ದಂಡನಾಯಕ. ಊರಿಗೆಲ್ಲ ಹುಲಿ, ಒಬ್ಬಳ ಮುಂದೆ ಮಾತ್ರ ಬೆಕ್ಕಿನ ಮರಿ. ನನ್ನ ಭಾಮೈದ ಐದಡಿ ನಾಲ್ಕಂಗುಲ. ಕೈ ತುಂಬ ಹಚ್ಚೆಯಲ್ಲ, ತಾಮ್ರದ ತಂತಿ ಗೀಚಿದ ಗಾಯ. ಅವನು ಅವತ್ತು ಮುದ್ದೆ ತಿನ್ನಲಿಲ್ಲ.

ಈ ಕುಲದ ಕಾದಂಬರಿಗಳ ಮೂಲ ಅಮೆರಿಕದಲ್ಲಿದೆ. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಿನಲ್ಲಿ ಬೈಕಿನವರ ಜಾತ್ರೆ ನಡೆದು ಗಲಾಟೆಯಾಯಿತು. ಬಿಯರ್ ಬಾಟಲಿಗಳ ನಡುವೆ ಬೈಕಿನ ಮೇಲೆ ಒರಗಿದವನೊಬ್ಬನ ಫೋಟೋ 'ಲೈಫ್' ಪತ್ರಿಕೆಯಲ್ಲಿ ಬಂತು. 1953ರಲ್ಲಿ ಮಾರ್ಲನ್ ಬ್ರಾಂಡೊ 'ದಿ ವೈಲ್ಡ್ ಒನ್' ಸಿನಿಮಾದಲ್ಲಿ ಜಾಕೆಟ್ ತೊಟ್ಟು ನಿಂತ ಮೇಲೆ ಪುಂಡನಿಗೊಂದು ಸಮವಸ್ತ್ರವೂ ಸಿಕ್ಕಿತು. ಬೈಕಿನವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಮರ್ಯಾದಸ್ಥರು ಅಂತ ಯಾರೋ ಅಂದರೆನ್ನುವ ಮಾತು ಹುಟ್ಟಿ, ಪುಂಡರ ಕ್ಲಬ್ಬಿನವರು ಉಳಿದ ಆ ಒಂದು ನಾವೇ ಎಂದು ಎದೆಯ ಮೇಲೆ ಹೊಲಿಸಿಕೊಂಡರು. ಆ ಒಂದು ಪರ್ಸೆಂಟಿನವನನ್ನು ಹಿಡಿದು ತಂದು ಪ್ರೇಮಿಯಾಗಿಸಿ ಕೂರಿಸಿದ್ದು ಲೇಖಕಿಯರು. ಕ್ರಿಸ್ಟನ್ ಆಶ್ಲಿಯ 'ಮೋಟಾರ್‌ಸೈಕಲ್ ಮ್ಯಾನ್' 2012ರದು, ಜೊಆನಾ ವೈಲ್ಡ್ ಬರೆದ 'ರೀಪರ್ಸ್ ಪ್ರಾಪರ್ಟಿ' 2013ರದು. ನಮ್ಮಲ್ಲಿ ಪ್ರತಿಲಿಪಿ ಆ್ಯಪಿನಂಥ ಕಡೆ ಧಾರಾವಾಹಿ ಬರೆಯುವ ಹೆಣ್ಣುಮಕ್ಕಳ ಕೈಗೆ ಸಿಕ್ಕಾಗ ಇಂಥ ನಾಯಕ ಬುಲೆಟ್ ಹತ್ತಿ, ಆರನೆಯ ಭಾಗದಲ್ಲೇ ತಾಳಿ ಕಟ್ಟಿ, ಅರವತ್ತನೆಯ ಭಾಗಕ್ಕೆ ಪ್ರೀತಿಸಲು ಶುರುಮಾಡುತ್ತಾನೆ. ನನ್ನ ಅಕ್ಕಂದಿರು ಸಾಯಿಸುತೆಯವರ ಪುಸ್ತಕಗಳನ್ನು ಬಾಡಿಗೆಗೆ ತಂದು ದಿಂಬಿನಡಿ ಇಟ್ಟು ಓದುತ್ತಿದ್ದ ಕಾಲದಲ್ಲಿ ನಾಯಕರು ಕಾರಿನಿಂದ ಇಳಿಯುತ್ತಿದ್ದರು. ಅದಕ್ಕಾಗಿ ನಮ್ಮ ಭಾವಂದಿರು ಯಾರೂ ಕಾರು ಕೊಳ್ಳಲಿಲ್ಲ. ಹೆಂಡತಿ ಏನು ಓದುತ್ತಾಳೆಂದು ಇಣುಕುವ ಕೆಟ್ಟ ಚಾಳಿ ಆಗಿನ್ನೂ ಹುಟ್ಟಿರಲಿಲ್ಲ.

ನಾನು ಇಷ್ಟು ಹೇಗೆ ಬಲ್ಲೆ ಎಂದು ಕೇಳಬಹುದು. ಮೂವತ್ಮೂರು ವರ್ಷ ಮೇಷ್ಟರಾಗಿದ್ದವನು ನಾನು, ಮಕ್ಕಳ ಬ್ಯಾಗಿನಲ್ಲಿ ಸಿಕ್ಕ ಪುಸ್ತಕ ಕಿತ್ತುಕೊಂಡು ಸ್ಟಾಫ್ ರೂಮಿನಲ್ಲಿ ಓದಿ ಮುಗಿಸಿದ ಅನುಭವಿ. "ಅಂಥಾದ್ದೇನಮ್ಮ ಅದರಲ್ಲಿ, ತೋರಿಸು" ಎಂದು ಭಾಮೈದನ ಹೆಂಡತಿಯನ್ನು ಕೇಳಿ, ಪರೀಕ್ಷೆಗೆಂದು ಶುರುಮಾಡಿದವನು ನಲವತ್ಮೂರನೆಯ ಭಾಗದ ಹೊತ್ತಿಗೆ, ಮುಂದಿನದು ನಾಳೆ ತೆರೆಯುತ್ತದೆ, ಈಗಲೇ ಬೇಕಾದರೆ ನಾಣ್ಯ ತೆರು ಅಂದಾಗ, ಕತ್ತಲಲ್ಲಿ ಕೂತು ನಾಣ್ಯ ತೆತ್ತಿದ್ದೇನೆ. ಹೆಂಡತಿ ದೀಪ ಹಾಕಿ ನೋಡಿ, ಏನೂ ಅನ್ನದೆ ದೀಪ ಆರಿಸಿದಳು. ಏನಾದರೂ ಅಂದಿದ್ದರೆ ವಾಸಿಯಿತ್ತು.

ಇರಲಿ. ಭಾಮೈದ ಸೆಕೆಂಡ್ ಹ್ಯಾಂಡ್ ಬುಲೆಟ್ ತಂದ. ಕಾದಂಬರಿಯ ಪ್ರಕಾರ ಒಬ್ಬನೇ ಓಡಾಡಿದರೆ ಸಾಲದು, ಕ್ಲಬ್ ಬೇಕು. ಕೊರಟಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಅವನ ಷಡ್ಡಕ, ಶಿರಾದ ಕಡಲೆಕಾಯಿ ವ್ಯಾಪಾರಿಯೊಬ್ಬ, ಪಾವಗಡದವನೊಬ್ಬ. ಈ ಪಾವಗಡದವನು ತನ್ನ ಹೊಲವನ್ನು ತಿರುಮಣಿಯ ಸೋಲಾರ್ ಪಾರ್ಕಿಗೆ ಕೊಟ್ಟವನು. ಹದಿಮೂರು ಸಾವಿರ ಎಕರೆಯಲ್ಲಿ ಹರಡಿ 2,050 ಮೆಗಾವ್ಯಾಟ್ ತೆಗೆಯುವ ಆ ಗಾಜಿನ ಕಡಲಿನಲ್ಲಿ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಹಾಗಾಗಿ ಅವನ ಬುಲೆಟ್ಟಿಗೆ ಪೆಟ್ರೋಲ್ ಹಾಕಿಸುವವನು ಸಾಕ್ಷಾತ್ ಸೂರ್ಯನಾರಾಯಣ. ನಾಲ್ಕು ಜನ, ನಾಲ್ಕು ತಾಲ್ಲೂಕು. ಇದರಲ್ಲಿ ಒಂದು ಪರ್ಸೆಂಟ್ ಲೆಕ್ಕ ಹಾಕಿದರೆ ಒಬ್ಬನ ಕಿರುಬೆರಳೂ ಪೂರ್ತಿ ಬರುವುದಿಲ್ಲ.

ಕ್ಲಬ್ಬಿಗೆ ಪದವಿಗಳುಂಟು. ಭಾಮೈದ ಪ್ರೆಸಿಡೆಂಟ್. ದಾರಿ ತೋರುವವನು ರೋಡ್ ಕ್ಯಾಪ್ಟನ್. ಎಲ್ಲರಿಗಿಂತ ಕೆಳಗೆ ಪ್ರಾಸ್ಪೆಕ್ಟ್ ಎಂಬೊಂದು ಪ್ರಾಣಿ: ಸದಸ್ಯತ್ವ ಇನ್ನೂ ಸಿಕ್ಕಿರದ, ಹೇಳಿದ ಕೆಲಸವನ್ನೆಲ್ಲ ಎದುರಾಡದೆ ಮಾಡುವ, ಎಲ್ಲರೂ ಉಂಡ ಮೇಲೆ ಉಣ್ಣುವ ಅಭ್ಯರ್ಥಿ. ನಮ್ಮಲ್ಲಿ ಇದಕ್ಕೆ ಮನೆ ಅಳಿಯ ಅನ್ನುತ್ತಾರೆ. ಅರವತ್ತೊಂದನೆಯ ವಯಸ್ಸಿನಲ್ಲಿ ಆ ಹುದ್ದೆಗೆ ನನ್ನನ್ನು ನೇಮಿಸಿದರು. ನೀರಿನ ಬಾಟಲಿ, ಪಂಕ್ಚರ್ ಸಾಮಾನು, ಚಕ್ಕುಲಿ ಡಬ್ಬ ಮಡಿಲಲ್ಲಿಟ್ಟುಕೊಂಡು ಪ್ರೆಸಿಡೆಂಟರ ಹಿಂದೆ ಕೂರುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಟಿವಿಎಸ್ ಎಕ್ಸೆಲ್ ಇದೆ, ಅದರಲ್ಲೇ ಬರುತ್ತೇನೆ ಎಂದೆ. ಕ್ಲಬ್ಬಿನ ಗೌರವಕ್ಕೆ ಕುಂದು ಎಂದರು.

ಜಾಕೆಟ್ಟಿನ ಬೆನ್ನಿಗೆ ಲಾಂಛನ ಬೇಕಿತ್ತು. ಕ್ಲಬ್ಬಿನ ಹೆಸರು ಇಂಗ್ಲಿಷಿನದು, ತೋಳಗಳು ಎಂಬರ್ಥ ಬರುವಂಥದ್ದು. ನಮ್ಮೂರಿನ ದರ್ಜಿ ಸ್ಕೂಲಿನ ಬ್ಯಾಡ್ಜುಗಳನ್ನು ಹೊಲಿದು ಪಳಗಿದವನು, ತೋಳ ಅವನಿಗೆ ಹೊಸದು. ಮೂತಿ ಮೊಂಡಾಯಿತು, ಒಂದು ಕಿವಿ ಜೋತಿತು. "ನಾಯಿ ಚೆನ್ನಾಗಿದೆ" ಎಂದು ನನ್ನ ಹೆಂಡತಿ ಅಂದಳು. ಶಿರಾದ ಮಿಲಿಟರಿ ಹೋಟೆಲಿನಲ್ಲೂ ಹಾಗೇ ಅಂದರು. ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಗು ಬೌ ಬೌ ಅಂದಿತು. ಪ್ರೆಸಿಡೆಂಟ್ ಒಳಗೊಳಗೇ ಕುಗ್ಗಿದ್ದ.

ಏಪ್ರಿಲ್ ತಿಂಗಳ ಒಂದು ಶನಿವಾರ ಪಾವಗಡದ ಶನಿಮಹಾತ್ಮನಿಗೆ ಹೊರಟೆವು. ಕಾದಂಬರಿಯ ನಾಯಕ ಪೊಲೀಸರಿಗೆ ಹೆದರುವುದಿಲ್ಲ, ನಮ್ಮವನೂ ಹೆದರುವುದಿಲ್ಲ. ಆದರೆ ಶನಿಗೆ ಎಳ್ಳುಬತ್ತಿ ತಪ್ಪಿಸುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಈ ದಾರಿಯಲ್ಲಿ ಮಿಡಿಗೇಶಿ ದಾಟಿದ ಮೇಲೆ ನಡುವೆ ಆಂಧ್ರ ಬಂದು, ಹೋಗಿ, ಮತ್ತೆ ಕರ್ನಾಟಕ ಬರುತ್ತದೆ. ಒಂದೇ ಬೆಳಗಿನಲ್ಲಿ ನಾವು ಅಂತರರಾಜ್ಯ ಕ್ಲಬ್ ಆಗುವವರಿದ್ದೆವು. ಹತ್ತು ಗಂಟೆಗೇ ಬಂಡೆಗಳು ಕಾದ ಹೆಂಚಿನ ಹಾಗೆ ಉಸಿರು ಬಿಡುತ್ತಿದ್ದವು. ಚರ್ಮದ ಜಾಕೆಟ್ಟಿನೊಳಗೆ ಪ್ರೆಸಿಡೆಂಟ್ ಬೇಯುತ್ತಿದ್ದುದು ಹಿಂದೆ ಕೂತ ನನ್ನ ಮೂಗಿಗೆ ಗೊತ್ತಾಗುತ್ತಿತ್ತು. "ಬಿಚ್ಚೋ" ಅಂದೆ. "ರೈಡಲ್ಲಿ ಬಿಚ್ಚಂಗಿಲ್ಲ ಭಾವ" ಅಂದ. ಗಡಿಗಿಂತ ಈಚೆಗೇ ಒಂದು ಹುಣಸೇಮರ ಕಂಡಾಗ ರೈಡು ತಾನಾಗಿ ನಿಂತಿತು.

ಮರದಡಿ ಒಬ್ಬ ಮುದುಕ ಕಂಬಳಿ ಹಾಸಿಕೊಂಡು ಕೂತಿದ್ದ. ಸುತ್ತ ಒಂದೈವತ್ತು ಕುರಿ. ನಾಲ್ಕು ಕಪ್ಪು ಬೆನ್ನುಗಳು ಸಾಲಾಗಿ ನಿಂತು ನೀರು ಕುಡಿಯುವುದನ್ನು ನೋಡಿದವನೇ ಕೋಲೂರಿ ಎದ್ದು ಬಂದ.

"ತ್ವಾಳದ ಇಲಾಖೆಯೋರಾ ಸಾಮಿ?"

ಯಾರೂ ಮಾತಾಡಲಿಲ್ಲ.

"ಬ್ಯಾಸ್ಗೆ ಸುರುವಾದಾಗಿಂದ ಯೋಳ್ತಾ ಇವ್ನಿ. ಎಲ್ಡು ಮರಿ ಹೊತ್ಕಂಡೋಯ್ತು. ಈಗ್ಲಾದ್ರೂ ಬಂದ್ರಲ್ಲ."

ನಮ್ಮ ಸೀಮೆಯ ಕುರುಚಲಲ್ಲಿ ತೋಳ ಇನ್ನೂ ಇದೆ. ಹಟ್ಟಿಗೆ ನುಗ್ಗಿದ್ದು, ಪರಿಹಾರಕ್ಕೆ ಅಲೆದದ್ದು ಆಗಾಗ ಕಿವಿಗೆ ಬೀಳುತ್ತದೆ. "ನಾವು ಅವರಲ್ಲ ಅಜ್ಜ" ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಭಾಮೈದನ ಮುಖ ನೋಡಿದೆ. ಹೊಳೆಯುತ್ತಿತ್ತು. ಈವರೆಗೆ ಕಂಡವರೆಲ್ಲ ನಾಯಿ ಅಂದಿದ್ದ ಆ ಪ್ರಾಣಿಯನ್ನು ತೋಳ ಎಂದು ಗುರುತಿಸಿದವನು ಇವನೊಬ್ಬನೇ, ಅದೂ ದಿನಾ ತೋಳದ ಜೊತೆ ವ್ಯವಹಾರವಿರುವವನು. ಅಂಥವನಿಗೆ ಇಲ್ಲ ಎನ್ನುವುದು ಹೇಗೆ? ಪ್ರೆಸಿಡೆಂಟ್ ಜಾಕೆಟ್ಟಿನ ಜೇಬಿನಿಂದ ರಿವೈಂಡಿಂಗ್ ಬಿಲ್ ಪುಸ್ತಕ ತೆಗೆದು, ಹೆಸರು, ಊರು, ಮರಿಗಳ ವಯಸ್ಸು ಬರೆದುಕೊಂಡು, ತನ್ನ ಮೊಬೈಲ್ ನಂಬರು ಕೊಟ್ಟ. ಮುದುಕ ಕೈ ಮುಗಿದ. ಚಕ್ಕುಲಿ ಡಬ್ಬದಲ್ಲಿ ಅರ್ಧ ಅವನ ಕಂಬಳಿಗೆ ಸುರಿಯಲು ಪ್ರಾಸ್ಪೆಕ್ಟಿಗೆ ಅಪ್ಪಣೆಯಾಯಿತು.

ಅಲ್ಲಿಂದ ಶುರುವಾಯಿತು ಫೋನು. ವಾರಕ್ಕೆರಡು ಸಲ. "ನಮ್ ಮರಿ ದುಡ್ಡು ಏನಾಯ್ತು ಸಾಮಿ?" ನಂಬರು ಬ್ಲಾಕ್ ಮಾಡು ಅಂದೆ. ಅವನು ಬುಲೆಟ್ ಹತ್ತಿ ಮುದುಕನನ್ನು ಹಿಂದೆ ಕೂರಿಸಿಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋದ. ಪಶುವೈದ್ಯರ ಸರ್ಟಿಫಿಕೇಟ್ ಬೇಕಂತೆ. ಸತ್ತ ಮರಿ ನೋಡದೆ ಅವರು ಹೇಗೆ ಕೊಡುತ್ತಾರೆ, ಮರಿಯನ್ನೇ ತೋಳ ಹೊತ್ತೊಯ್ದಿದೆ. ಮತ್ತೆ ಹೋದ. ಮಹಜರು, ಫೋಟೋ, ಅರ್ಜಿ. ಜೆರಾಕ್ಸಿನ ಷಡ್ಡಕ ಪುಕ್ಕಟೆ ಪ್ರತಿ ತೆಗೆದುಕೊಟ್ಟ. ಅಂಗಡಿಯಲ್ಲಿ ಮೂರು ಮೋಟಾರು ಬಿಚ್ಚಿ ಬಿದ್ದಿದ್ದವು, ರೈತರು ಬೈಯುತ್ತಿದ್ದರು, ಇವನು ಕುರಿಮರಿಯ ಫೈಲು ಹಿಡಿದು ಅಲೆಯುತ್ತಿದ್ದ. ಜಾಕೆಟ್ ಯಾವಾಗ ಬಿಚ್ಚಿಟ್ಟನೋ ನಾನು ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಅವನ ಹೆಂಡತಿಯನ್ನು ಕೇಳಿಯೇಬಿಟ್ಟೆ. "ಅಲ್ಲಮ್ಮ, ಬೈಕಂದ್ರೆ ಅಷ್ಟಿಷ್ಟವಾ ನಿನಗೆ?"

"ಬೈಕಾ? ಬೈಕಿನ ಪುಟ ಬಂದ್ರೆ ನಾನು ಹಾರಿಸಿಬಿಡ್ತೀನಣ್ಣ."

ಒಂದೂವರೆ ಲಕ್ಷ ರೂಪಾಯಿ ನನ್ನ ಕಣ್ಣೆದುರಿಗೆ ಡುಗುಡುಗು ಅನ್ನುತ್ತ ಹೋಯಿತು.

"ಮತ್ತೆ ಏನು ಓದ್ತೀಯ?"

ಅವಳು ಯೋಚಿಸಿದಳು. "ಅವರ ಕ್ಲಬ್ ಮನೆ ಇರುತ್ತಲ್ಲಣ್ಣ, ಅಲ್ಲಿ ಅಡಿಗೆ ಮಾಡೋ ಭಾಗ."

ಹೌದಲ್ಲ ಅನ್ನಿಸಿತು. ಆ ಕಾದಂಬರಿಗಳಲ್ಲಿ ಹೊಡೆದಾಟ ಮುಗಿದ ಮೇಲೆ ಎಲ್ಲರೂ ಒಂದೇ ಸೂರಿನಡಿ ಬಂದು ಬೀಳುತ್ತಾರೆ. ಅಡಿಗೆಮನೆಯಲ್ಲಿ ಏಳೆಂಟು ಹೆಂಗಸರು, ಹೊರಗೆ ಕೆಂಡದ ಮೇಲೆ ಮಾಂಸ, ಯಾರ ಮಗು ಯಾರ ಕಂಕುಳಲ್ಲೋ. ಹೊಸದಾಗಿ ಬಂದವಳನ್ನು ಹಳಬರು ಪರೀಕ್ಷಿಸುತ್ತಾರೆ. ಪ್ರೆಸಿಡೆಂಟ್ ಅಂದರೆ ಯಜಮಾನ. ಚರ್ಚ್ ಎಂದು ಅವರು ಕರೆಯುವ ಸಭೆ ನಮ್ಮ ಅರಳಿಕಟ್ಟೆಯ ಪಂಚಾಯ್ತಿ. 'ಇಂಥವನ ಸೊತ್ತು' ಎಂದು ಬರೆದ ಜಾಕೆಟ್ಟನ್ನು ಹೆಂಗಸಿಗೆ ತೊಡಿಸುವುದು ಅವರ ತಾಳಿಶಾಸ್ತ್ರ. ಆ ಸೊತ್ತು ಅನ್ನುವ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ನಮ್ಮ ಒಟ್ಟು ಕುಟುಂಬಗಳಲ್ಲೂ ಅದು ಬಾಯಿ ಬಿಟ್ಟು ಹೇಳದೆ ನಡೆಯುತ್ತಿತ್ತಷ್ಟೆ. ಆದರೂ ಈ ಹುಡುಗಿ ಹುಟ್ಟಿದ್ದು ಪಾವಗಡದ ಕಡೆ ಇಪ್ಪತ್ತೆರಡು ಜನರ ಮನೆಯಲ್ಲಿ. ಕಡಲೆಕಾಯಿ ಸುಲಿಯುವ ಕಾಲಕ್ಕೆ ಪಡಸಾಲೆಯಲ್ಲಿ ಎಲ್ಲರೂ ಕಾಲು ಚಾಚಿ ಕೂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕತೆ ಹೇಳುತ್ತ, ಬೀಜ ಮೊರಕ್ಕೆ, ಸಿಪ್ಪೆ ಮಡಿಲಿಗೆ. ಎದ್ದಾಗ ಸೆರಗು ಕೊಡವಿದರೆ ಸಿಪ್ಪೆ ಮಳೆ ಬಿದ್ದ ಹಾಗೆ ಸದ್ದಾಗುತ್ತಿತ್ತಂತೆ. ಈಗ ಎರಡು ಕೋಣೆಯ ಮನೆ, ಹನ್ನೊಂದಕ್ಕೆ ಬರುವ ಗಂಡ, ಡಬ್ಬಿಯಲ್ಲಿ ಮುದ್ದೆ.

ಹೋದ ಭಾನುವಾರ ಕ್ಲಬ್ಬಿನವರಿಗೆಲ್ಲ ನಮ್ಮ ಮನೆಯಲ್ಲಿ ಊಟ. ಹೆಂಡಿರು ಮಕ್ಕಳು ಸೇರಿ ಹದಿನೇಳು ಎಲೆ. ಮುದ್ದೆ, ಕುರಿ ಸಾರು. ಭಾಮೈದನ ಹೆಂಡತಿಯೇ ಸೌಟು ಹಿಡಿದು ಓಡಾಡುತ್ತಿದ್ದಳು. ಅವಳ ಮೊಬೈಲು ಒಳಗೆಲ್ಲೋ ಚಾರ್ಜಿಗಿತ್ತು. ಗಂಡಸರ ಪಂಕ್ತಿಯಲ್ಲಿ ಕೊನೆಯ ಎಲೆ ನನ್ನದು. ಮುದ್ದೆ ಬಿತ್ತು, ನಡುವೆ ಗುಳಿ ಮಾಡಿಕೊಂಡೆ. ಅಷ್ಟರಲ್ಲಿ ಭಾಮೈದನ ಫೋನು ಹೊಡೆದುಕೊಂಡಿತು. ಎಂಜಲ ಕೈಯಲ್ಲೇ ಎದ್ದು ಜಗಲಿಗೆ ಹೋದ.

"ಹ್ಞೂ ಯಜಮಾನ್ರೇ... ಇಲ್ಲ, ಮರ್ತಿಲ್ಲ... ಆಯಿತು, ನಾಳೆ ಬತ್ತೀನಿ, ನೀವು ಹುಣಸೇಮರದ ತಾವ ಇರಿ... ಊಟ ಆಯ್ತಾ?"

ಅವಳು ಸಾರಿನ ಸೌಟು ಹಿಡಿದವಳು ಕಿಟಕಿಯ ಹತ್ತಿರ ನಿಂತೇ ಬಿಟ್ಟಿದ್ದಳು. ಸೌಟಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಸಾರಮ್ಮ" ಎಂದೆ.

"ತಡೀರಣ್ಣ," ಅಂದಳು, ಈ ಕಡೆ ತಿರುಗದೆ. "ಕೇಳಿಸ್ಕೊಳ್ತಾ ಇದೀನಿ."