ಬಾಯಿ ಬಿಡದ ಫೈಲು

ಕಂಪ್ಲಿಯಿಂದ ಬಂದ ಫೈಲು ಹೊಸಪೇಟೆಯಲ್ಲಿ ತೆರೆಯದಿದ್ದರೆ ತಪ್ಪು ಯಾರದು? 'ನಮ್ಮ ಕಡೆ ಚಲೋ ಓಪನ್ ಆಗ್ತೈತಲ್ರೀ' ಎಂಬ ಉತ್ತರಕ್ಕೆ ಇವತ್ತಿಗೂ ಮದ್ದಿಲ್ಲ.

ತೆರೆದರೂ ಸುಖವಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಕಡತವಾದರೆ, ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ತಲೆಮೇಲೆ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಕುಣಿಯುತ್ತವೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿತ್ತು, ಅಷ್ಟೇ. ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಹರಕೆ ಹೊರುವುದು ಬೇಡ.

ಇನ್ನು ಡಾಕ್ಸ್. ವರ್ಡ್ 2007ರ ಜೊತೆ ಬಂದ ಈ ನಮೂನೆ ಹಳೆಯ ವರ್ಡ್‌ಗೆ ತಾನಾಗಿ ತಿಳಿಯದು. ಒಳಗೆ ಅದು ಬರೀ ಜಿಪ್. ಫೈಲು ಕೆಟ್ಟಿದ್ದರೆ ಪ್ರತಿ ಮಾಡಿಕೊಂಡು, ಹೆಸರಿನ ಬಾಲಕ್ಕೆ ಜಿಪ್ ಎಂದು ಹಾಕಿ ಬಿಚ್ಚಿ ನೋಡಿ. ಪುಣ್ಯವಿದ್ದರೆ ಚಿತ್ರಗಳಾದರೂ ಸಿಕ್ಕಾವು. ಲಿಬ್ರೆಆಫೀಸ್‌ಗೂ ಒಮ್ಮೆ ತೋರಿಸಿ.

ನಮ್ಮ ಹಿರಿಯ ಗುಮಾಸ್ತರಿಗೆ ಇದ್ಯಾವುದೂ ಹಿಡಿಸದು. 'ಹಂಪ್ಯಾಗ ಕೃಷ್ಣದೇವರಾಯನ ಶಾಸನ 500 ವರ್ಷ ಆದ್ರೂ ಓದಾಕ ಬರ್ತೈತಿ, ನಿಮ್ದು ಹೋದ ವರ್ಷದ್ದೇ ತೆಗಿವಲ್ದು!'

'ಖರೇ ಸರ್, ಆದ್ರ ಅದ್ರ ಸೈಜು ಜಾಸ್ತಿ, ಸಂಡೂರಿಗೆ ಮೇಲ್ ಹೋಗಂಗಿಲ್ಲ' ಎಂದೆ.