ನಿಮಿಷಕ್ಕೆ ನಲವತ್ತೆರಡು ಹನಿ

ನಮ್ಮ ಚಿಕ್ಕಪಡಸಲಗಿಯಲ್ಲಿ ಲೆಕ್ಕಕ್ಕೆ ಅಂಜುವವರು ಯಾರೂ ಇಲ್ಲ. ಅಂಜುವುದೇನಿದ್ದರೂ ಗಣಿತಕ್ಕೆ. ಕಬ್ಬಿನ ಗಾಡಿ ತೂಕದ ಕಾಟಾ ಹತ್ತಿ ಇಳಿದ ಮೇಲೆ ಕೈಗೆ ಬಂದ ಚೀಟಿಯಲ್ಲಿ 12.450 ಎಂದಿದ್ದರೆ, ಅದು ಹನ್ನೆರಡು ಟನ್ ನಾಲ್ಕುನೂರಾ ಐವತ್ತು ಕಿಲೋ ಎಂದು ಸಾಲಿ ಮೆಟ್ಟಿಲು ತುಳಿಯದವನೂ ಹೇಳುತ್ತಾನೆ. ಆ ಚುಕ್ಕೆಯನ್ನು ಒಂದು ಮನೆ ಅತ್ತಿತ್ತ ಸರಿಸಿ ನೋಡಿ, ಕಾರ್ಖಾನೆ ಗೇಟಿನಲ್ಲಿ ಧರಣಿ ಕೂತುಬಿಡುತ್ತಾನೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ಕನಿಷ್ಠ ದರವಾದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದೂ ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ, ಶೇಕಡಾ 10.25 ಇದ್ದರೆ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ. ಇಷ್ಟನ್ನೂ ಟನ್ನಿಗೆ ತಿರುಗಿಸಿ, ಕಟಾವು ಮತ್ತು ಸಾಗಾಣಿಕೆ ಕಳೆದು, ಹಲ್ಲುಜ್ಜುತ್ತಿರುವ ನಮ್ಮಣ್ಣ ಬಾಯೊಳಗಿನ ನೊರೆ ಉಗುಳುವಷ್ಟರಲ್ಲಿ ಉತ್ತರ ಹೇಳುತ್ತಾನೆ. ಏಳನೇ ಇಯತ್ತೆಯಲ್ಲಿ ದಶಾಂಶಕ್ಕೆ ನಪಾಸಾದವನೂ ಇವನೇ.

ಇವನ ಮಗಳು ಈಗ ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದಾಳೆ. ನರ್ಸಿಂಗ್ ಸೇರಲು ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಜೊತೆಗೆ ಇಂಗ್ಲಿಷ್ ಇದ್ದರೆ ಸಾಕು, ಗಣಿತ ಬೇಕೆಂಬ ಕಟ್ಟಳೆ ಇಲ್ಲ ಎಂದು ಗೊತ್ತಾದ ದಿನ ಆಕೆ ಮನೆಮಂದಿಗೆಲ್ಲ ಪೇಢೆ ಹಂಚಿದ್ದಳು. ಎರಡನೇ ಸೆಮಿಸ್ಟರಿನಲ್ಲಿ ‘ಔಷಧ ಕೊಡುವ ಕ್ರಮ’ ಎಂಬ ಪಾಠದ ಹೊಟ್ಟೆಯೊಳಗೆ ಗಣಿತ ಕಾಲು ಮಡಚಿಕೊಂಡು ಕೂತಿರುವುದು ಪೇಢೆ ತಿಂದ ನಮಗಾಗಲಿ, ಹಂಚಿದ ಆಕೆಗಾಗಲಿ ಗೊತ್ತಿರಲಿಲ್ಲ. ಎಷ್ಟು ಗುಳಿಗೆ, ಎಷ್ಟು ಎಂ.ಎಲ್. ಸೂಜಿಮದ್ದು, ಸಲೈನ್ ನಿಮಿಷಕ್ಕೆ ಎಷ್ಟು ಹನಿ, ಎಲ್ಲ ಲೆಕ್ಕ ಮಾಡಿ ಬರೆಯಬೇಕು. ಅದರ ಮೊದಲ ಪರೀಕ್ಷೆಗೆ ಓದಲೆಂದು ಆಕೆ ಊರಿಗೆ ಬಂದಳು.

ಓದುವುದಕ್ಕೆ ಹಾಸ್ಟೆಲ್ಲಿಗಿಂತ ಮನೆಯೇ ಶಾಂತ ಎಂದು ಆಕೆಗೆ ಯಾರು ಹೇಳಿದ್ದರೋ. ನಾನು ಪೆನ್ಶನ್ ತಿನ್ನುವ ಕನ್ನಡ ಮಾಸ್ತರ. ಸಮಾಸ ಬಿಡಿಸು ಅಂದರೆ ಬಿಡಿಸಿಯೇನು. ಸಾಲದ್ದಕ್ಕೆ ಅಣ್ಣ, ವೈನಿ, ಎಲ್ಲರ ಮೇಲೆ ನಮ್ಮ ಆಯಿ. ಎಂಬತ್ತು ದಾಟಿದ್ದಾಳೆ, ಸಕ್ಕರೆ ಕಾಯಿಲೆ ಇದೆ, ಎರಡು ಹೊತ್ತು ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾಳೆ. ಸುತ್ತ ನಾಲ್ಕು ದಿಕ್ಕಿಗೂ ಕಬ್ಬು ಬೆಳೆಯುವ ಸೀಮೆಯಲ್ಲಿ ಈ ಕಾಯಿಲೆ ಬಂದದ್ದನ್ನು ಆಯಿ ಇನ್ನೂ ದೇವರ ಚೇಷ್ಟೆ ಎಂದೇ ತಿಳಿದಿದ್ದಾಳೆ.

ಮೊದಲ ಲೆಕ್ಕ: 500 ಎಂ.ಎಲ್. ಸಲೈನ್, ನಾಲ್ಕು ತಾಸಿನಲ್ಲಿ ಹೋಗಬೇಕು, ಸಲೈನ್ ಹನಿಸುವ ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 20 ಹನಿ. ಹುಡುಗಿ 500ನ್ನು 20ರಿಂದ ಗುಣಿಸಿದಳು, ನಾಲ್ಕರಿಂದ ಭಾಗಿಸಿದಳು, ಉತ್ತರದ ಕೆಳಗೆ ಎರಡು ಗೆರೆ ಎಳೆದಳು. ನಿಮಿಷಕ್ಕೆ 2500 ಹನಿ.

ಅಣ್ಣ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದವನು ಅದನ್ನು ಕೇಳಿದ. “ಎಷ್ಟಂದಿ? ಎರಡೂವರಿ ಸಾವಿರ? ಯವ್ವಾ, ಇದು ಸಲೈನ್ ಅಲ್ಲ, ಬ್ಯಾರೇಜಿನ ಗೇಟ ತಗದಂಗಾತು.”

ನಮ್ಮೂರ ಗಂಡಸರ ಮಾತು ಎಲ್ಲೇ ಹುಟ್ಟಲಿ, ಹೊಳೆಗೆ ಹೋಗಿ ಕೂಡುತ್ತದೆ. 1989ರಲ್ಲಿ ಸರ್ಕಾರದ ದಾರಿ ನೋಡದೆ, ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ ಊರಿದು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು, 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ದಿಲ್ಲಿಗೆ ಹೋದರು. ಇಂಥ ಊರಿನಲ್ಲಿ ನೀರು ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ತಪ್ಪು ಹೇಳಿ ದಕ್ಕಿಸಿಕೊಳ್ಳಲು ಆಗುವುದಿಲ್ಲ. ಅಣ್ಣ ಅಲ್ಲೇ ನಿಂತು ಹೇಳಿದ: “ಇಪ್ಪತ್ತ ಹನಿಗೆ ಒಂದ ಎಂ.ಎಲ್. ಅಂದ್ರ ನಿಂದು ನಿಮಿಷಕ್ಕ 125 ಎಂ.ಎಲ್. ಆತು. ನಾಲ್ಕ ತಾಸಿಂದು ನಾಲ್ಕ ನಿಮಿಷಕ್ಕ ಮುಗೀತು. ಪೇಶಂಟನೂ ಮುಗದ.”

ತಾಸನ್ನು ನಿಮಿಷ ಮಾಡುವುದು ಬಿಟ್ಟುಹೋಗಿತ್ತು. 240ರಿಂದ ಭಾಗಿಸಿದಾಗ ನಲವತ್ತೊಂದೂ ಚಿಲ್ಲರೆ ಬಂತು. ಅರ್ಧ ಹನಿ ಬೀಳುವುದಿಲ್ಲವಾದ್ದರಿಂದ 42.

ಬರೀ ಕಾಗದದ ಮೇಲೆ 42 ಬರೆದರೆ ಆಯಿಗೆ ಸಮಾಧಾನವಿಲ್ಲ. ಹುಡುಗಿಯ ಹತ್ತಿರ ಅಭ್ಯಾಸಕ್ಕೆಂದು ಕೊಟ್ಟ ಒಂದು ಸೆಟ್ ಇತ್ತು. ಪಡಸಾಲೆಯ ತೊಲೆಗೆ, ಹಿಂದೆ ನಮ್ಮೆಲ್ಲರ ತೊಟ್ಟಿಲು ತೂಗಿದ ಕೊಂಡಿಗೆ, ನೀರಿನ ಬಾಟಲಿ ಜೋತುಬಿತ್ತು. ಕೆಳಗೆ ತಂಬಿಗೆ. ಸೆಟ್ಟಿನ ಬಿಳೀ ಗಾಲಿಯನ್ನು ಹೆಬ್ಬೆರಳಿನಿಂದ ಒಂದು ಎಳ್ಳಿನಷ್ಟು ಕೆಳಗೆ ಉರುಳಿಸಿದರೆ ಹನಿ ನಿಂತೇಹೋಗುತ್ತಿತ್ತು, ಮೇಲೆ ಉರುಳಿಸಿದರೆ ಹನಿಗಳು ಒಂದಕ್ಕೊಂದು ಅಂಟಿ ದಾರವಾಗುತ್ತಿದ್ದವು. ಆಯಿ ಎಣಿಸುವವಳು, ನಾನು ಗಡಿಯಾರ ಹಿಡಿದವನು. ಪೂರಾ ನಿಮಿಷ ಎಣಿಸುವ ತಾಪತ್ರಯವಿಲ್ಲ, 15 ಸೆಕೆಂಡಿಗೆ ಹತ್ತೋ ಹನ್ನೊಂದೋ ಬಿದ್ದರೆ ಸರಿ ಎಂದು ಹುಡುಗಿ ಹೇಳಿಕೊಟ್ಟಳು. ಆಯಿ ಜಪಮಾಲೆ ತರಿಸಿಕೊಂಡು ಪೂರಾ ನಿಮಿಷವೇ ಎಣಿಸಿದಳು. ಏಳನೇ ಹನಿಗೆ ಒಮ್ಮೆ ‘ಶಿವಶಿವಾ’ ಎಂದದ್ದರಿಂದ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುವಾಯಿತು.

ಅಣ್ಣನಿಗೆ ಅಷ್ಟರಲ್ಲಿ ತನ್ನ ಹೊಲದ ಡ್ರಿಪ್ಪು ನೆನಪಾಗಿತ್ತು. ತಾಸಿಗೆ ನಾಲ್ಕು ಲೀಟರ್ ಬಿಡುವ ಡ್ರಿಪ್ಪರು. ಹಾಗಾದರೆ ಕಬ್ಬಿಗೆ ನಿಮಿಷಕ್ಕೆ ಎಷ್ಟು ಹನಿ? ಹುಡುಗಿ ಮಾಡಿದಳು. 1333. “ನೋಡು, ಮನಿಷಾಗ ಕಬ್ಬಿನಷ್ಟ ಸತ್ವ ಇಲ್ಲ,” ಎಂದು ಅಣ್ಣ ಎದ್ದು ಊಟಕ್ಕೆ ನಡೆದ. ಮಗಳು ಆ ಲೆಕ್ಕವನ್ನು ಒಂದೇ ಏಟಿಗೆ ಸರಿಯಾಗಿ ಮಾಡಿದ್ದನ್ನು ಅವನೂ ಗಮನಿಸಲಿಲ್ಲ, ಆಕೆಯೂ ಗಮನಿಸಲಿಲ್ಲ.

ಸಣ್ಣ ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 60 ಹನಿ. ತಾಸಿಗೂ 60 ನಿಮಿಷವೇ ಇರುವುದರಿಂದ ಮೇಲಿನ ಅರವತ್ತು ಕೆಳಗಿನ ಅರವತ್ತನ್ನು ಹೊಡೆದುಹಾಕಿ, ತಾಸಿಗೆ 30 ಎಂ.ಎಲ್. ಎಂದರೆ ನಿಮಿಷಕ್ಕೆ ನೇರ 30 ಹನಿ. ಲೆಕ್ಕವೇ ಇಲ್ಲ. ಇದು ಹೊಳೆದಾಗ ಹುಡುಗಿ ಕುಣಿದಾಡಿದಳು, ಜಗತ್ತಿನ ರೋಗಿಗಳೆಲ್ಲ ಕೂಸುಗಳೇ ಆಗಿರಬಾರದೇ ಎಂದಳು.

ಕೂಸುಗಳು ಆ ಆಸೆಯನ್ನು ಹೆಚ್ಚು ಹೊತ್ತು ಉಳಿಸಲಿಲ್ಲ. 12 ಕಿಲೋ ತೂಕದ ಕೂಸಿಗೆ ಜ್ವರ, ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್. ಬಾಟಲಿಯಲ್ಲಿ 5 ಎಂ.ಎಲ್.ಗೆ 125 ಮಿಲಿಗ್ರಾಂ ಇದೆ. 180 ಮಿಲಿಗ್ರಾಂ ಬೇಕು ಎಂಬಲ್ಲಿಗೆ ಸರಿಯಾಗಿ ಬಂದವಳು ಚುಕ್ಕೆಯ ಹತ್ತಿರ ಎಡವಿ 72 ಎಂ.ಎಲ್. ಎಂದು ಬರೆದಳು. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಳಗಿನಿಂದಲೇ ಕೇಳಿದಳು: “ಆ ಬಾಟ್ಲಿ ಎಷ್ಟರದ ಇರ್ತೈತಿ?” 60 ಎಂ.ಎಲ್. “ಹಂಗಾರ ಒಂದ ಪೂರ್ತಿ ಕುಡಿಸಿ, ಇನ್ನೊಂದ ಬಾಟ್ಲಿದು ಬೂಚ ತಗೀಬೇಕಲ್ಲ. ಆ ಕೂಸು ಅಷ್ಟ ಹಾಲರ ಕುಡೀತೈತೇನ?”

7.2 ಎಂದು ತಿದ್ದಿದಳು. ಅದೇ ಔಷಧದ ಇನ್ನೊಂದು ಬಾಟಲಿಯಲ್ಲಿ 5 ಎಂ.ಎಲ್.ಗೆ 250 ಮಿಲಿಗ್ರಾಂ ಇರುತ್ತದೆ, ಆಗ 3.6 ಸಾಕು. ಎರಡೂ ಬಾಟಲಿ ಒಂದೇ ಬಣ್ಣ, ಒಂದೇ ವಾಸನೆ. “ಒಂದು ಚಮಚಾ ಹಾಕ್ರಿ” ಎನ್ನುವುದು ಎಷ್ಟು ಅಪಾಯದ ಮಾತು ಎಂದು ಆಕೆ ಹೇಳಿದಾಗ, ಈ ಮನೆಯಲ್ಲಿ ಚಮಚದಿಂದ ಔಷಧ ಕುಡಿದು ಬೆಳೆದ ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯ ಚಮಚಗಳಲ್ಲಿ ಎರಡು ಒಂದೇ ಅಳತೆಯವು ಇದ್ದ ನೆನಪಿಲ್ಲ.

ಚುಕ್ಕೆಯ ವಿಷಯದಲ್ಲಿ ನರ್ಸುಗಳಿಗೆ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಅರ್ಧ ಎನ್ನುವುದನ್ನು .5 ಎಂದು ಬರೆಯಕೂಡದು. ಚುಕ್ಕೆ ಮಾಸಿದರೆ ಐದಾಗುತ್ತದೆ, 0.5 ಎಂದೇ ಬರೆಯಬೇಕು. ಐದನ್ನು 5.0 ಎಂದೂ ಬರೆಯಕೂಡದು. ಚುಕ್ಕೆ ಕಾಣದಿದ್ದರೆ ಐವತ್ತಾಗುತ್ತದೆ. ಮುಂದಿನ ಸೊನ್ನೆ ಇರಬೇಕು, ಹಿಂದಿನದು ಇರಬಾರದು. ಅಣ್ಣ ತಕ್ಷಣ ತನ್ನ ಕಾಟಾ ಚೀಟಿಯ 12.450 ತಂದು ತೋರಿಸಿ, ಹಿಂದೆ ಸೊನ್ನೆ ಇದೆಯಲ್ಲ ಎಂದು ವಾದಕ್ಕೆ ನಿಂತ. ಅದನ್ನು ಯಾರೂ ನುಂಗುವುದಿಲ್ಲವಪ್ಪಾ ಎಂದಳು ಮಗಳು. ನುಂಗುವವರು ಇದ್ದಾರೆ ಎಂದು ಅಣ್ಣ ಗೊಣಗಿದ, ಆದರೆ ಅದು ಬೇರೆ ಪ್ರಬಂಧ.

ಇನ್ಸುಲಿನ್ ಸರದಿ ಬಂದಾಗ ಆಯಿ ಪಾಠ ಕೇಳುವುದು ಬಿಟ್ಟು ಪಾಠದ ಸಾಮಾನೇ ಆಗಬೇಕಾಯಿತು. ಆಯಿಯ ಸೀಸೆಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜು. 100 ಯೂನಿಟ್ಟಿನದಕ್ಕೆ ಕಿತ್ತಳೆ ಟೊಪ್ಪಿಗೆ. ಹುಡುಗಿ ಎರಡನ್ನೂ ಕಟ್ಟೆಯ ಮೇಲೆ ಇಟ್ಟು ಎರಡರಲ್ಲೂ ನೀರನ್ನು 20ರ ಗೆರೆಗೆ ಎಳೆದಳು. ಕೆಂಪಿನಲ್ಲಿ ಅರ್ಧ ಎಂ.ಎಲ್., ಕಿತ್ತಳೆಯಲ್ಲಿ ಬರೀ 0.2. ಆಯಿಯ ಔಷಧವನ್ನು ಕಿತ್ತಳೆಯದರಲ್ಲಿ ಎಳೆದರೆ 20 ಅಂದುಕೊಂಡು ಎಂಟೇ ಯೂನಿಟ್ ಹೋಗುತ್ತದೆ. ನೂರರ ಔಷಧವನ್ನು ಕೆಂಪಿನದರಲ್ಲಿ ಎಳೆದರೆ 20 ಅಂದುಕೊಂಡು 50 ಹೋಗುತ್ತದೆ. ಅಣ್ಣ ಬಗ್ಗಿ ನೋಡಿದ. “ಕಾಟಾ ಎರಡು, ಚೀಟಿ ಒಂದು. ಗೊತ್ತಾತು,” ಎಂದ. ಇಷ್ಟು ಬೇಗ ಅವನಿಗೆ ಯಾವ ಡಾಕ್ಟರೂ ತಿಳಿಹೇಳಿರಲಿಲ್ಲ. ಆಯಿ ಮಾತ್ರ ಕಿತ್ತಳೆ ಟೊಪ್ಪಿಗೆಯದನ್ನು ಸೆರಗಿನಲ್ಲಿ ಹಿಡಿದು ಒಯ್ದು ಮಾಡದಲ್ಲಿ ದೇವರ ಹಿಂದೆ ಇಟ್ಟಳು.

ರಾತ್ರಿ ಪಾಸು-ನಪಾಸಿನ ಮಾತು ಬಂತು. ನೂರಕ್ಕೆ ಐವತ್ತು ಬಂದರೆ ಪಾಸು ಎಂದು ಹುಡುಗಿ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಳು. ಆಯಿ ಕತ್ತಲಲ್ಲಿ ಎದ್ದು ಕೂತಳು. “ಉಳದ ಐವತ್ತು ಯಾರ ಮೈಯಾಗ ಹೋಗ್ತಾವ?” ಎಂದು ಕೇಳಿದಳು.

ಬ್ರಿಟನ್ನಿನಲ್ಲಿ ನರ್ಸುಗಳ ನಿಯಂತ್ರಣ ಮಂಡಳಿ 2018ರ ತನ್ನ ಮಾನದಂಡದಲ್ಲಿ ಈ ಲೆಕ್ಕಗಳ ಪರೀಕ್ಷೆಗೆ ನೂರಕ್ಕೆ ನೂರು ಬಂದರೆ ಮಾತ್ರ ಪಾಸು ಎಂದು ಬರೆದಿಟ್ಟಿದೆ. ಆಯಿ ಅದನ್ನು ಓದಿದವಳಲ್ಲ. ನನಗೆ ಅನ್ನಿಸುವುದು, ಆ ಮಂಡಳಿಯಲ್ಲೂ ಇಂಥ ಒಬ್ಬಳು ಆಯಿ ಕೂತಿರಬೇಕು. ಅದೇ ಬ್ರಿಟನ್ನಿನ ಫ್ಲಾರೆನ್ಸ್ ನೈಟಿಂಗೇಲಮ್ಮನ ದೀಪವನ್ನು ಮಾತ್ರ ನಾವು ಹಿಡಿದುಕೊಂಡಿದ್ದೇವೆ, ಲೆಕ್ಕವನ್ನು ಬಿಟ್ಟಿದ್ದೇವೆ. ಪ್ರತಿ ನರ್ಸಿಂಗ್ ಕಾಲೇಜಿನಲ್ಲೂ ಆ ದೀಪ ಹಚ್ಚುತ್ತಾರೆ. ಆ ತಾಯಿ ಸೈನಿಕರ ಸಾವಿನ ಅಂಕಿಗಳನ್ನು ಬಣ್ಣಬಣ್ಣದ ಚಕ್ರಗಳಾಗಿ ಬರೆದು 1858ರಲ್ಲಿ ಅಚ್ಚು ಹಾಕಿಸಿದವಳು, ಬ್ರಿಟನ್ನಿನ ಅಂಕಿಅಂಶ ಸಂಘಕ್ಕೆ ಸದಸ್ಯಳಾದ ಮೊದಲ ಹೆಂಗಸು. ಇದನ್ನು ಹುಡುಗಿಗೆ ಹೇಳಿದೆ. “ಕಾಕಾ, ಅಕೀಗೂ ಇಂಟರ್ನಲ್ಸ್ ಇದ್ದುವೇನು?” ಎಂದು ಕೇಳಿ ಮುಸುಕೆಳೆದಳು.

ಪರೀಕ್ಷೆ ಆಯಿತು. ಉತ್ತರ ಎಲ್ಲ ಸರಿ. ಒಂದು ಕಡೆ ಮಾತ್ರ ಬರೀ 7.2 ಎಂದು ಬರೆದು ಮುಂದೆ ಎಂ.ಎಲ್. ಹಾಕದ್ದಕ್ಕೆ ಅರ್ಧ ಅಂಕ ಹೋಗಿದೆ. ಅಷ್ಟಕ್ಕೆ ಯಾಕೆ ಕತ್ತರಿ ಎಂದು ನಾನು ಮಾಸ್ತರನಾಗಿ ಆಕೆಯ ಪರ ವಹಿಸಿದೆ. ಆಯಿ ಸಹಿಸಲಿಲ್ಲ. “ಏಳು ಏನು? ಚಮಚಾನೋ, ಸೌಟೋ, ಕೊಡಪಾನವೋ? ಬರೋಬ್ಬರಿ ಕಡದಾರ.”

ಈಗ ಅಣ್ಣ ಹೊಲಕ್ಕೆ ಎಣ್ಣೆ ಹೊಡೆಯುವ ದಿನ ಬೆಳಿಗ್ಗೆ ಮಗಳಿಗೆ ಫೋನ್ ಮಾಡುತ್ತಾನೆ. ಎಕರೆಗೆ 400 ಎಂ.ಎಲ್., ನೀರು 200 ಲೀಟರ್, ಪಂಪು 16 ಲೀಟರಿನದು, ಪಂಪಿಗೆ ಎಷ್ಟು? ಉತ್ತರ 32 ಎಂದು ಅವನಿಗೆ ಮೊದಲೇ ಗೊತ್ತು. ಮಗಳ ಬಾಯಿಂದ, ಅದೂ “ಎಂ.ಎಲ್.” ಸಮೇತ ಕೇಳಬೇಕು, ಅಷ್ಟೆ.

ಮುಂದಿನ ಪರೀಕ್ಷೆ ಆಹಾರ ಮತ್ತು ಪಥ್ಯದ್ದು, ಯಾರ ತಟ್ಟೆಯಲ್ಲಿ ಎಷ್ಟು ಕ್ಯಾಲರಿ ಎಂಬ ಲೆಕ್ಕವಂತೆ. ಮತ್ತೆ ಊರಿಗೇ ಬಂದು ಓದುತ್ತೇನೆ, ಆಯಿಯಿಂದಲೇ ಶುರು ಮಾಡುತ್ತೇನೆ ಎಂದು ಹೇಳಿಕಳಿಸಿದ್ದಾಳೆ. ಅಂದಿನಿಂದ ಅಡುಗೆಮನೆಯ ಬೆಲ್ಲದ ಡಬ್ಬಿ ಎಲ್ಲಿ ಹೋಯಿತೆಂದು ವೈನಿ ಹುಡುಕುತ್ತಿದ್ದಾಳೆ.