ಜೋಗ್ ಕಾಕಾ

ನಾಸಿಕದಲ್ಲಿ ಮಳೆ ಹಿಡಿಯಿತೆಂಬ ಸುದ್ದಿ ಹವಾಮಾನ ಇಲಾಖೆಗಿಂತ ಮೊದಲು ನಮ್ಮ ಕನ್ನಡ ಮಂದಿಯ ವಾಟ್ಸಾಪ್ ಗುಂಪಿಗೆ ಬರುತ್ತದೆ. "ಭಾನುವಾರ ದುಗಾರವಾಡಿ ಜಲಪಾತ. ಬೆಳಿಗ್ಗೆ 6, ದ್ವಾರಕಾ ಸರ್ಕಲ್. ತಡ ಮಾಡಿದವರು ಮನೇಲೇ ಮಲಗಿ." ಕಳಿಸಿದವರು ಜೋಗ್ ಕಾಕಾ. ಸಾಗರದ ಕಡೆಯವರು. ಓಝರ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ಮಿಗ್ ವಿಮಾನಗಳಿಗೆ ರಿವೆಟ್ ಹೊಡೆದು ನಿವೃತ್ತರಾದವರು. ಅವರ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಟೆಂಪೊ ಟ್ರಾವಲರ್‌ನಲ್ಲಿ ನಾವೆಲ್ಲ ಪ್ಲಾಸ್ಟಿಕ್ ರೇನ್‌ಕೋಟು. ಕಾಕಾ ಮಾತ್ರ ಊರಿನಿಂದ ತಂದ ಕಂಬಳಿಕೊಪ್ಪೆ. ತ್ರ್ಯಂಬಕ ದಾಟುವ ಹೊತ್ತಿಗೆ ಅದು ನೆನೆದು, ಗಾಡಿಯೊಳಗೆ ಒಂದು ಕುರಿಹಿಂಡು ಟಿಕೆಟಿಲ್ಲದೆ ಹತ್ತಿ ಕೂತಂತಾಗುತ್ತದೆ. ಕೈಯಲ್ಲಿ ಮಿಡಿ ಉಪ್ಪಿನಕಾಯಿ ಡಬ್ಬಿ, ಜೇಬಿನಲ್ಲಿ ಒಂದು ಪೊಟ್ಟಣ: ತಂಬಾಕು, ಜೊತೆಗೆ ಸುಣ್ಣ. ಅದು ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ. ಈ ದಾರಿಯಲ್ಲಿ ನಮಗ್ಯಾರಿಗೂ ಈವರೆಗೆ ಒಂದು ಉಂಬಳವೂ ಹತ್ತಿಲ್ಲ. ನಮಗದು ನೆಮ್ಮದಿ, ಕಾಕಾಗೆ ಅವಮಾನ. "ಉಂಬಳ ಇಲ್ದಿದ್ದು ಎಂಥಾ ಕಾಡು ಮಾರಾಯ್ರೆ? ಪಾರ್ಕು ಅನ್ನಿ."

ಜವ್ಹಾರ್ ರಸ್ತೆ ಬಿಟ್ಟು ಗದ್ದೆಯ ಬದು ಹಿಡಿದರೆ ಆಮೇಲೆ ಹಳ್ಳ, ಅದರಾಚೆ ಕಾಲು ಜಾರುವ ಇಳಿಜಾರು. ಎಷ್ಟು ದೂರವೆಂದು ಯಾರು ಎಲ್ಲಿ ಕೇಳಿದರೂ ಕಾಕಾ ಹೇಳುವುದು "ಹತ್ತೇ ನಿಮಿಷ". ಗದ್ದೆಯಲ್ಲೂ ಹತ್ತು, ಹಳ್ಳದಲ್ಲೂ ಹತ್ತು. ಒಂದೂವರೆ ಗಂಟೆ ನಡೆದ ಮೇಲೂ ಅವರ ಹತ್ತು ನಿಮಿಷದಲ್ಲಿ ಒಂದು ನಿಮಿಷ ಸವೆದಿರುವುದಿಲ್ಲ. ನಡುವೆ ಭಾಷಾಶಾಸ್ತ್ರ ಬೇರೆ. ಮರಾಠಿಯಲ್ಲಿ ಜಲಪಾತಕ್ಕೆ ಧಬಧಬಾ ಅನ್ನುತ್ತಾರಲ್ಲ, ಅದು ಸಾಗರದ ಕಡೆಯ ದಬ್ಬೆ ಜಲಪಾತದಿಂದಲೇ ಬಂದದ್ದಂತೆ. ಇದಕ್ಕೆ ಆಧಾರ ಅವರ ಗಂಟಲು.

ಕೊನೆಗೂ ಮರಗಳು ಸರಿದು ಕಪ್ಪು ಬಂಡೆಯ ಗೋಡೆಯಿಂದ ನೀರು ಧುಮುಕುವುದು ಕಂಡಾಗ ನಾವೆಲ್ಲ ಮಾತು ಮರೆತು ನಿಲ್ಲುತ್ತೇವೆ. ಕಾಕಾ ಜಲಪಾತಕ್ಕೆ ಬೆನ್ನು ತಿರುಗಿಸಿ, ನಮ್ಮ ಕಡೆ ಮುಖ ಮಾಡಿ ಶುರು ಮಾಡುತ್ತಾರೆ. "ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಜೋಗ ನೋಡಿದ ಕಣ್ಣಿಗೆ ಇದು ಬಚ್ಚಲ ಹಂಡೆ ಉಕ್ಕಿದ ಹಾಗೆ. ಎಂಟುನೂರಾ ಮೂವತ್ತಡಿ! ರಾಜ, ರಾಣಿ, ರೋರರ್, ರಾಕೆಟ್..." ನಾಲ್ಕೂ ಹೆಸರನ್ನು ಮನೆಮಕ್ಕಳ ಹೆಸರಿನಂತೆ ಹೇಳುತ್ತಾರೆ. ಜೋಳದ ತೆನೆ ಸುಡುತ್ತಿದ್ದ ಊರಿನ ಅಜ್ಜಿಗೂ ಇದರ ಮರಾಠಿ ಅನುವಾದ ತಪ್ಪುವುದಿಲ್ಲ.

ಹೋದ ವರ್ಷ ನಾಸಿಕದಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ನಡುವೆ ಬಾಯಿ ಹಾಕಿದ. "ಕಾಕಾ, ನಾನು ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿದ್ದೆ. ಬಂಡೆ ಚೆನ್ನಾಗಿತ್ತು."

ಕಾಕಾ ಕೆಂಪಾದರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿಯ ನೀರು ವಿದ್ಯುತ್ತಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಹೋಗಿ ನೋಡಿದವನದೇ ತಪ್ಪು ಎಂದು ವಿವರಿಸಿದರು. "ನಿಮ್ಮನೆ ಫ್ಯಾನು ಎಂಥದ್ರಿಂದ ತಿರುಗ್ತದೆ ಹೇಳು?" ಹುಡುಗ ತಣ್ಣಗೆ ಹೇಳಿದ: "ಇಲ್ಲಿನ ಏಕಲಹರೆ ಸ್ಥಾವರದ ಕಲ್ಲಿದ್ದಲಿಂದ, ಕಾಕಾ."

ಜೋಗ ಸೋತರೆ ಇತಿಹಾಸವಿದೆ. ಬ್ರಹ್ಮಗಿರಿ ಕಂಡ ಕೂಡಲೇ ಗೋದಾವರಿ ಹುಟ್ಟುವುದು ಅಲ್ಲಿ, ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆದಿದೆ, ಹಾಗಾಗಿ ನಾವು ಪರವೂರಿನಲ್ಲಿಲ್ಲ, ಹಿತ್ತಲಿನಲ್ಲಿದ್ದೇವೆ ಎಂಬ ಪಾಠ. ಅಂಜನೇರಿ ಬೆಟ್ಟದ ಹತ್ತಿರ ಬಂದಾಗ ಮಾತ್ರ ನಾವೇ ಅವರ ಬಾಯಿಗೆ ಅವಲಕ್ಕಿ ತುರುಕುತ್ತೇವೆ. ಹನುಮಂತ ಹುಟ್ಟಿದ್ದು ಇಲ್ಲೆಂದು ಇಲ್ಲಿನವರು, ಆನೆಗೊಂದಿಯ ಅಂಜನಾದ್ರಿಯಲ್ಲೆಂದು ನಮ್ಮವರು. 2022ರ ಮೇ ತಿಂಗಳಲ್ಲಿ ಇದನ್ನು ತೀರ್ಮಾನಿಸಲು ನಾಸಿಕದಲ್ಲಿ ಧರ್ಮಸಭೆ ಸೇರಿ, ಯಾರು ಎಲ್ಲಿ ಕೂರಬೇಕೆಂಬುದಕ್ಕೇ ತಕರಾರಾಗಿ, ಗದ್ದಲದಲ್ಲಿ ಮುಗಿಯಿತು. ಟೆಂಪೊದಲ್ಲಿ ಇನ್ನೊಂದು ಸಭೆ ನಮಗೆ ಬೇಡ.

ಛತ್ರಪತಿ ಸಂಭಾಜಿನಗರಕ್ಕೆ ಹೋದಾಗಲಂತೂ ಕಾಕಾರನ್ನು ಹಿಡಿಯುವವರಿಲ್ಲ. ವೇರೂಳದ, ಅಂದರೆ ಎಲ್ಲೋರಾದ, ಕೈಲಾಸ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಅಂದರೆ ಅವರ ಲೆಕ್ಕದಲ್ಲಿ ಹತ್ತಿರದ ನೆಂಟ. ಮಳೆಗಾಲದಲ್ಲಿ 29ನೇ ಗುಹೆಯ ಪಕ್ಕ ಬೀಳುವ ನೀರೂ ಆ ನೆಂಟಸ್ತಿಕೆಯಲ್ಲೇ ಸೇರುತ್ತದೆ. ಅಜಂತಾದ ಗುಹೆಗಳ ಕೊನೆಯಲ್ಲಿ ವಾಘೋರಾ ನದಿ ಸಪ್ತಕುಂಡವಾಗಿ ಇಳಿಯುವುದನ್ನು ಕಂಡಾಗ ಮಾತ್ರ "ಏಳು ಸಲ ನಿಂತು ನಿಂತು ಬೀಳೋದಕ್ಕೆ ಜಲಪಾತ ಅಂತಾರಾ?" ಎಂದರು. ಅಲ್ಲಿಂದ ಗೌತಾಳಾ ಕಾಡಿಗೆ ಹೋಗುವ ದಾರಿಯಲ್ಲಿ ಕನ್ನಡ ಎಂಬ ಹೆಸರಿನದೇ ತಾಲೂಕು ಕೇಂದ್ರವಿದೆ. ಹೆದ್ದಾರಿಯ ಪ್ರತಿ ಫಲಕದ ಮುಂದೆ ಗಾಡಿ ನಿಲ್ಲಿಸಿ ಫೋಟೊ. ಗುಂಪಿಗೆ ಸಂದೇಶ: "ಕನ್ನಡ ಇನ್ನು ಹನ್ನೆರಡೇ ಕಿಲೋಮೀಟರ್." ಊರೊಳಗಿನ ಹೋಟೆಲಿನಲ್ಲಿ ಹಟ ಹಿಡಿದು ಕನ್ನಡದಲ್ಲೇ ಚಹಾ ಕೇಳಿದರು. ಕನ್ನಡದವರಿಗೆ ಕನ್ನಡ ತಿಳಿಯಲಿಲ್ಲ.

ಇಷ್ಟಾದರೂ ಅವರನ್ನು ಬಿಟ್ಟು ನಾವು ಹೋಗುವುದಿಲ್ಲ. ಕಳೆದ ಆಗಸ್ಟಿನಲ್ಲಿ ದುಗಾರವಾಡಿಯಲ್ಲಿ ಎಂದಿನಂತೆ ನೀರಿಗೆ ಬೆನ್ನು ಹಾಕಿ ರಾಜ, ರಾಣಿ ಮುಗಿಸಿ ರೋರರ್‌ಗೆ ಬಂದವರು ತಟ್ಟನೆ ನಿಲ್ಲಿಸಿದರು. "ಸದ್ದು ಬದಲಾಯ್ತು. ಏಳಿ." ನಮ್ಮ ಕಿವಿಗೆ ಅದೇ ಸದ್ದು. ಚಿತ್ರಾನ್ನದ ಪಾತ್ರೆ ಅಲ್ಲೇ ಬಿಡಿಸಿ, ಮಕ್ಕಳನ್ನು ಮುಂದೆ ಹಾಕಿಕೊಂಡು, ಕುರಿ ಅಟ್ಟುವಂತೆ ಹಳ್ಳ ದಾಟಿಸಿದರು. ಕಾಲು ಗಂಟೆ ಕಳೆದಿರಲಿಲ್ಲ, ಆ ಹಳ್ಳದಲ್ಲಿ ಕೆಂಪು ನೀರು, ಕಸಕಡ್ಡಿ ತುಂಬಿ ಹರಿಯುತ್ತಿತ್ತು. 2022ರಲ್ಲಿ ಇದೇ ಜಾಗದಲ್ಲಿ ನೀರು ಏರಿ ಪ್ರವಾಸಿಗರು ಕತ್ತಲಲ್ಲಿ ಸಿಕ್ಕಿಹಾಕಿಕೊಂಡದ್ದು ನಮಗೆಲ್ಲ ನೆನಪಾಯಿತು. ಯಾರೂ ಮಾತಾಡಲಿಲ್ಲ. ಕಾಕಾ ಕೊಪ್ಪೆ ಹಿಂಡುತ್ತ ಹೇಳಿದರು: "ಜೋಗದಲ್ಲಾಗಿದ್ರೆ ಇನ್ನೂ ಬೇಗ ಬರ್ತಿತ್ತು."

ಟೆಂಪೊ ಹತ್ತಿದ ಮೇಲೆ ಕಾಕಾರ ಹೆಂಡತಿ ಕಾಕು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು, ಸಾಗರಕ್ಕೆ ಹೋದಾಗ ಇವರನ್ನು ಅಲ್ಲಿನವರು ನಾಸಿಕದ ಭಾವ ಎಂದೇ ಕರೆಯುವುದಂತೆ. ಕಳೆದ ದೀಪಾವಳಿಯಲ್ಲಿ ಜೋಗದ ಮುಂದೆ ನಿಂತು ತ್ರ್ಯಂಬಕದ ಮಳೆಯ ಬಗ್ಗೆ ಎರಡು ಗಂಟೆ ಮಾತಾಡಿದರಂತೆ.

ಅಷ್ಟರಲ್ಲಿ ಗದ್ದೆಯಿಂದ ಮೇಲೆ ಬಂದ ಮುದುಕನೊಬ್ಬ ಕಿಟಕಿ ತಟ್ಟಿದ. ತನ್ನ ತಂಬಾಕು ಮುಗಿದಿದೆ, ತಂಬಾಕು ಸುಣ್ಣ ಇದೆಯಾ ಎಂದು ಕೇಳಿದ. ಕಾಕಾ ಅರೆಗಳಿಗೆ ಯೋಚಿಸಿ, ಅಷ್ಟು ವರ್ಷ ಬಿಚ್ಚದಿದ್ದ ಉಂಬಳದ ಪೊಟ್ಟಣ ತೆಗೆದು ಅವನ ಅಂಗೈಗೆ ಸುರಿದರು. ಮುದುಕ ಅಲ್ಲೇ ತಿಕ್ಕಿ ಬಾಯಿಗೆ ಹಾಕಿಕೊಂಡು, ಮಾಲು ಚೆನ್ನಾಗಿದೆ, ಎಲ್ಲಿಯದು ಎಂದ.

ಈಗ ಕಾಕಾ ಎರಡು ಪೊಟ್ಟಣ ತರುತ್ತಾರೆ.